ಕಥೆಯೊಳಗಿನ ಕತ್ತಲೆ

ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರಕ್ಕೆ ಹೊಂದಿಕೊಂಡಂತೆ ಹಂಪಿನಗರವಿದೆ. ಅಲ್ಲಿ ನಗರ ಕೇಂದ್ರ ಗ್ರಂಥಾಲಯವೊಂದು ಇದೆ. ಹೊರಗೆ ವಾಹನಗಳ ಸದ್ದು, ತರಕಾರಿ ಮಾರುವವರ ಕೂಗು. ಒಳಗೆ ಹಾಳೆ ಮಗುಚುವ ಸಪ್ಪಳವನ್ನು ಬಿಟ್ಟರೆ ಮೌನ. ಒಂದು ಸಂಜೆ ನಾನು ಅಲ್ಲಿ ಕುಳಿತು ಓದುತ್ತಿದ್ದಾಗ, ಪಕ್ಕದ ಮೇಜಿನಲ್ಲಿ ತಂದೆ ಮಗಳಿಬ್ಬರ ನಡುವೆ ಮೆಲುದನಿಯ ವಾದವೊಂದು ನಡೆಯುತ್ತಿತ್ತು. ಮಗಳು ನಿಮ್ಮ ವಯಸ್ಸಿನವಳೇ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಿರಬೇಕು. ಅವಳ ಕೈಯಲ್ಲಿದ್ದುದು 'ಪಿನೋಕಿಯೊ' ಎಂಬ ಮರದ ಗೊಂಬೆಯ ಕಥೆಯ ಇಂಗ್ಲಿಷ್ ಅನುವಾದ. ತಂದೆ ನನ್ನ ಕಡೆಗೆ ತಿರುಗಿ ಹೇಳಿದರು:

"ನೀವೇ ನೋಡಿ ಸಾರ್. ಗೊಂಬೆ ಕಥೆ, ಮಕ್ಕಳಿಗೆ ಒಳ್ಳೆಯದು ಅಂತ ನಾನೇ ಹುಡುಕಿ ಕೊಟ್ಟೆ. ಚಿಕ್ಕಂದಿನಲ್ಲಿ ಸಿನಿಮಾದಲ್ಲಿ ನೋಡಿದ್ದೆ, ಚೆನ್ನಾಗಿತ್ತು. ಇಲ್ಲಿ ನೋಡಿದರೆ ಆ ಗೊಂಬೆಯನ್ನು ಮರಕ್ಕೆ ನೇಣು ಹಾಕಿದ್ದಾರೆ! ಇಂಥದನ್ನು ಓದಿ ಮಗು ರಾತ್ರಿ ನಿದ್ದೆ ಮಾಡುವುದು ಹೇಗೆ?"

ಮಗಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಭಯ ಆಗುತ್ತೆ ಅಪ್ಪಾ, ಆದರೆ ಆಮೇಲೆ ಏನಾಯಿತು ಅಂತ ಓದಲೇಬೇಕು" ಎಂದಳು.

ತಂದೆಯ ಆತಂಕ ಸುಳ್ಳಲ್ಲ; ಮಗಳ ಹಠವೂ ತಪ್ಪಲ್ಲ. ಎಳೆಯರಿಗಾಗಿ ಬರೆದ ಕಥೆಯಲ್ಲಿ ಕತ್ತಲೆ ಏಕಿರಬೇಕು? ಇದ್ದರೆ ಅದನ್ನು ಹೇಗೆ ಓದಬೇಕು? ಆ ಸಂಜೆ ನಾನು ಅವರಿಗೆ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಮನೆಗೆ ಬಂದ ಮೇಲೆ ಯೋಚಿಸಿದುದನ್ನು ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಅದ್ಭುತ ಕಥೆಗಳಲ್ಲಿ ಭಯವು ಹೊಸದಾಗಿ ಬಂದು ಸೇರಿದ್ದಲ್ಲ. ನಮ್ಮ ಆಲಂಕಾರಿಕರು ನವರಸಗಳನ್ನು ಎಣಿಸುವಾಗ ಅದ್ಭುತದ ಜೊತೆಯಲ್ಲಿ ಭಯಾನಕಕ್ಕೂ ಸ್ಥಾನ ಕೊಟ್ಟಿದ್ದಾರೆ. ಮರ ಮಾತನಾಡುವ, ಹಕ್ಕಿ ದಾರಿ ತೋರುವ ಲೋಕದಲ್ಲಿ ರಕ್ಕಸನೂ ಇರುತ್ತಾನೆ. ಏಳು ಸಮುದ್ರದಾಚೆಯ ಗಿಳಿಯೊಂದರಲ್ಲಿ ತನ್ನ ಪ್ರಾಣವನ್ನು ಬಚ್ಚಿಟ್ಟು, ರಾಜಕುಮಾರಿಯನ್ನು ಸೆರೆಯಲ್ಲಿಟ್ಟ ರಕ್ಕಸನ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳದ ಕನ್ನಡದ ಮಕ್ಕಳು ಹಿಂದೆ ವಿರಳವಾಗಿದ್ದರು. ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿಯುವ ಪುಣ್ಯಕೋಟಿಯ ಹಾಡನ್ನೇ ನೆನೆಯಿರಿ. ಕರುವಿಗೆ ಕಡೆಯ ಸಲ ಹಾಲೂಡಿಸಿ, ತಾನಾಗಿಯೇ ಸಾವಿನ ಬಾಯಿಗೆ ಹಿಂತಿರುಗಿ ನಡೆಯುವ ತಾಯಿಯ ಚಿತ್ರವದು. ಅರ್ಬುತನೆಂಬ ಹುಲಿ ಕೊನೆಗೆ ಪ್ರಾಣವನ್ನೇ ಬಿಡುತ್ತದೆ. ಇದಕ್ಕಿಂತ ಕತ್ತಲೆಯ ಕಥೆ ಬೇರೊಂದಿದೆಯೆ? ಆದರೂ ಯಾವ ತಾಯಿಯೂ ಅದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ.

ಪುಣ್ಯಕೋಟಿಯದು ಕೊಟ್ಟ ಮಾತನ್ನು ಉಳಿಸಿಕೊಂಡವರ ಕಥೆಯಾದರೆ, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯು ಕೊಟ್ಟ ಮಾತನ್ನು ಮುರಿದವರ ಕಥೆ. ಈ ಬೊಮ್ಮನಹಳ್ಳಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಬೊಮ್ಮನಹಳ್ಳಿಯಲ್ಲ. ಕವಿಯ ಕಲ್ಪನೆಯಲ್ಲಿ ಹುಟ್ಟಿದ, ತುಂಗಾನದಿಯ ತೀರದ ಊರು. ಇಲಿಗಳ ಕಾಟದಿಂದ ಬೇಸತ್ತ ಊರಿಗೆ ಜೋಗಿಯೊಬ್ಬ ಬರುತ್ತಾನೆ. ಅವನು ಕಿಂದರಿಯನ್ನು ನುಡಿಸುತ್ತ ಇಲಿಗಳನ್ನೆಲ್ಲ ಹೊಳೆಗೆ ನಡೆಸುತ್ತಾನೆ. ಕೆಲಸವಾದ ಮೇಲೆ ಊರ ಗೌಡ ಒಪ್ಪಿದ ಹಣವನ್ನು ಕೊಡಲು ಹಿಂಜರಿಯುತ್ತಾನೆ. ಆಗ ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ. ಈ ಸಲ ಹಿಂದೆ ಹೋಗುವವರು ಊರಿನ ಮಕ್ಕಳು. ಬೆಟ್ಟ ಬಾಯಿ ತೆರೆದು ಅವರನ್ನು ಒಳಗೆ ಕರೆದುಕೊಳ್ಳುತ್ತದೆ. ವೇಗವಾಗಿ ನಡೆಯಲಾರದ ಕುಂಟ ಹುಡುಗನೊಬ್ಬ ಮಾತ್ರ ಹೊರಗೆ ಉಳಿಯುತ್ತಾನೆ. ಇಲಿಗಳ ಹಾವಳಿಯ ವರ್ಣನೆಗೆ ನಕ್ಕ ಮಕ್ಕಳು, ಬೆಟ್ಟದ ಬಾಗಿಲು ಮುಚ್ಚುವ ಹೊತ್ತಿಗೆ ಸದ್ದಿಲ್ಲದೆ ಕುಳಿತಿರುತ್ತಾರೆ. ಇದು ಕನ್ನಡ ಬಲ್ಲ ಯಾವ ಉಪಾಧ್ಯಾಯರಿಗೂ ಅನುಭವದ ಮಾತು.

ಈ ಕಥೆಯ ಮೂಲ ಬಹು ದೂರದ್ದು. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗ್ ೧೮೪೨ರಲ್ಲಿ ಪ್ರಕಟಿಸಿದ ಕಥನಕವನವನ್ನು ಕುವೆಂಪು ಅವರು ಕನ್ನಡದ ನೆಲಕ್ಕೆ ತಂದರು. ಬ್ರೌನಿಂಗನಿಗೂ ಮೊದಲು ಅದು ಜರ್ಮನಿಯ ವೇಸರ್ ನದಿಯ ದಡದಲ್ಲಿರುವ ಹ್ಯಾಮೆಲಿನ್ ಪಟ್ಟಣದ ಐತಿಹ್ಯವಾಗಿತ್ತು. ಕ್ರಿ.ಶ. ೧೨೮೪ರ ಜೂನ್ ೨೬ರಂದು ಆ ಪಟ್ಟಣದ ೧೩೦ ಮಕ್ಕಳು ಕೊಳಲು ನುಡಿಸುವವನೊಬ್ಬನ ಹಿಂದೆ ಹೋಗಿ ಕಣ್ಮರೆಯಾದರೆಂದು ಹದಿನೈದನೆಯ ಶತಮಾನದ ಹಸ್ತಪ್ರತಿಯೊಂದು ಹೇಳುತ್ತದೆ. ಆ ಮಕ್ಕಳಿಗೆ ನಿಜವಾಗಿ ಏನಾಯಿತೆಂಬುದು ಇಂದಿಗೂ ನಿರ್ಣಯವಾಗಿಲ್ಲ. ರೋಗವಿರಬಹುದು, ದೂರದ ನಾಡಿಗೆ ವಲಸೆ ಹೋಗಿರಬಹುದು ಎಂದು ವಿದ್ವಾಂಸರು ಬಗೆಬಗೆಯಾಗಿ ಊಹಿಸಿದ್ದಾರೆ.

ಇಲ್ಲಿ ಕುತೂಹಲದ ಸಂಗತಿಯೊಂದಿದೆ. ಆ ಹಳೆಯ ಬರಹದಲ್ಲಿ ಇಲಿಗಳ ಮಾತೇ ಇಲ್ಲ! ಕೂಲಿಯ ಮಾತೂ ಇಲ್ಲ, ಮೋಸದ ಮಾತೂ ಇಲ್ಲ. ಮಕ್ಕಳು ಹೋದರು ಎಂಬ ದುಃಖವೊಂದೇ ಇದೆ. ಇಲಿಗಳು ಕಥೆಯೊಳಕ್ಕೆ ಬಂದುದು ಹದಿನಾರನೆಯ ಶತಮಾನದಲ್ಲಿ. ಎಂದರೆ, ಮೊದಲು ಬಂದುದು ಕತ್ತಲೆ. ಆಮೇಲೆ ಬಂದುದು ಕಥೆ. ಕಾರಣ ತಿಳಿಯದ ದುಃಖವೊಂದನ್ನು ಜನ ತಲೆಮಾರುಗಳ ಕಾಲ ಹೊತ್ತು ತಿರುಗಿದರು. ಕಡೆಗೆ ಅದಕ್ಕೊಂದು ಕಾರಣವನ್ನು ಹುಡುಕಿಕೊಂಡರು: ಹಿರಿಯರು ಮಾತು ತಪ್ಪಿದರೆ ಅದರ ಬೆಲೆಯನ್ನು ಮಕ್ಕಳು ತೆರಬೇಕಾಗುತ್ತದೆ. ದುಃಖ ಹಾಗೆಯೇ ಉಳಿಯಿತು. ಆದರೆ ಅದು ಈಗ ಅರ್ಥವಿಲ್ಲದ ದುಃಖವಾಗಿರಲಿಲ್ಲ.

ಕತ್ತಲೆಯ ಕಥೆಗಳು ಮಾಡುವ ಮೊದಲ ಕೆಲಸವೇ ಇದು. ಅವು ಭಯವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಮೊದಲೇ ಇರುವ ಭಯಕ್ಕೆ ಆಕಾರವನ್ನು ಕೊಡುತ್ತವೆ. ಆಕಾರವಿಲ್ಲದ ಭಯವನ್ನು ಎದುರಿಸಲು ಯಾರಿಂದಲೂ ಆಗದು. ಅದಕ್ಕೊಂದು ಹೆಸರು, ಮುಖ, ವಾಸಸ್ಥಳ ದೊರೆತರೆ ಎದುರಿಸುವ ಬಗೆಯನ್ನು ಯೋಚಿಸಬಹುದು. ರಕ್ಕಸನ ಪ್ರಾಣ ಎಲ್ಲೆಲ್ಲಿಯೋ ಇಲ್ಲ, ಇಂಥ ಗಿಳಿಯಲ್ಲಿಯೇ ಇದೆ ಎಂದು ತಿಳಿದ ಕ್ಷಣದಿಂದ ರಕ್ಕಸನ ಸೋಲು ಆರಂಭವಾಗುತ್ತದೆಯಷ್ಟೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಬಾಲ್ಯ ಕಳೆದುದು ರಾಜಾಜಿನಗರದ ಒಂದು ವಠಾರದಲ್ಲಿ. ಅಲ್ಲಿದ್ದ ಸಂಸಾರಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಕೆಲಸಕ್ಕೆಂದು ತುಮಕೂರು, ಮಂಡ್ಯ, ಹಾಸನಗಳ ಕಡೆಯಿಂದ ಬಂದವು. ಪಾತ್ರೆ ಪಡಗಗಳೊಡನೆ ಅಜ್ಜಿಯರೂ ಬಂದಿದ್ದರು. ಅಜ್ಜಿಯರೊಡನೆ ಕಥೆಗಳೂ ಬಂದಿದ್ದವು. ನಮ್ಮ ತಂದೆಯ ತಾಯಿ ತುರುವೇಕೆರೆಯ ಕಡೆಯವರು. ದೀಪ ಹೋದ ರಾತ್ರಿಗಳಲ್ಲಿ ವಠಾರದ ಅಂಗಳದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವರು ಹೂವಿನ ಮರವಾಗುವ ಹುಡುಗಿಯ ಕಥೆಯನ್ನು ಹೇಳುತ್ತಿದ್ದರು.

ಬಡತಾಯಿಯೊಬ್ಬಳ ಕಿರಿಯ ಮಗಳಿಗೆ ಅಪೂರ್ವ ಶಕ್ತಿಯೊಂದು ಇರುತ್ತದೆ. ಉಗುರು ಸೋಕದ ಒಂದು ಬಿಂದಿಗೆ ನೀರನ್ನು ಮೈಮೇಲೆ ಹೊಯ್ದರೆ ಅವಳು ಹೂ ತುಂಬಿದ ಮರವಾಗುತ್ತಾಳೆ. ಎಲೆ ಹರಿಯದಂತೆ, ರೆಂಬೆ ಮುರಿಯದಂತೆ ಹೂವನ್ನು ಬಿಡಿಸಿಕೊಂಡು ಎರಡನೆಯ ಬಿಂದಿಗೆಯನ್ನು ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂಗಳನ್ನು ಮಾರಿ ಸಂಸಾರ ನಡೆಯುತ್ತದೆ. ರಾಜಕುಮಾರ ಅವಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಆದರೆ ಅರಮನೆಯ ನಾದಿನಿಗೆ ಅವಳ ಶಕ್ತಿಯೊಂದು ಆಟದ ವಸ್ತು. ಗೆಳತಿಯರೊಡನೆ ತೋಟಕ್ಕೆ ಕರೆದೊಯ್ದು ಒತ್ತಾಯದಿಂದ ಅವಳನ್ನು ಮರವಾಗಿಸುತ್ತಾಳೆ. ಹುಡುಗಿಯರು ಹೂವಿಗಾಗಿ ಕಿತ್ತಾಡಿ ಕೊಂಬೆಗಳನ್ನು ಮುರಿಯುತ್ತಾರೆ. ಎರಡನೆಯ ಬಿಂದಿಗೆಯ ನೀರನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಓಡಿಹೋಗುತ್ತಾರೆ. ಅವಳು ಪೂರ್ತಿ ಮನುಷ್ಯಳಾಗುವುದಿಲ್ಲ. ಕೈಕಾಲುಗಳಿಲ್ಲದ ಗಾಯಗೊಂಡ ದೇಹವಾಗಿ ಚರಂಡಿಯಲ್ಲಿ ಬೀಳುತ್ತಾಳೆ. ದಾರಿಹೋಕ ಗಾಡಿಯವನೊಬ್ಬ ಅವಳನ್ನು ದೂರದೂರಿಗೆ ಸಾಗಿಸುತ್ತಾನೆ. ಅದು ರಾಜಕುಮಾರನ ಅಕ್ಕ ರಾಣಿಯಾಗಿರುವ ಊರು. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಂತೆ ಅಲೆಯುವ ರಾಜಕುಮಾರನೂ ಕಡೆಗೆ ಅಲ್ಲಿಗೇ ಬರುತ್ತಾನೆ. ಆ ದೇಹವನ್ನು ಗುರುತಿಸಿ, ಮತ್ತೆ ನೀರು ಹೊಯ್ದು ಮರವಾಗಿಸಿ, ಮುರಿದ ಒಂದೊಂದೇ ಕೊಂಬೆಯನ್ನು ಜೋಡಿಸಿ, ಇನ್ನೊಂದು ಬಿಂದಿಗೆಯನ್ನು ಹೊಯ್ಯುತ್ತಾನೆ. ಅವಳು ಮತ್ತೆ ಹೆಣ್ಣಾಗಿ ಎದ್ದು ನಿಲ್ಲುತ್ತಾಳೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ತಾಯಿ ಕಾಯಿಲೆಯಿಂದ ಒಂದು ತಿಂಗಳ ಕಾಲ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ಯಾರೂ ನನಗೆ ಏನನ್ನೂ ಹೇಳುತ್ತಿರಲಿಲ್ಲ. ನಾನು ಹತ್ತಿರ ಹೋದೊಡನೆ ಹಿರಿಯರ ಮಾತು ನಿಲ್ಲುತ್ತಿತ್ತು. ಆ ತಿಂಗಳು ನಾನು ಪ್ರತಿ ರಾತ್ರಿಯೂ ಅಜ್ಜಿಯನ್ನು ಬೇಡಿಕೊಂಡದ್ದು ಈ ಒಂದು ಕಥೆಯನ್ನೇ. ಕೊಂಬೆ ಮುರಿಯುವ ಕಡೆ ಅಳುತ್ತಿದ್ದೆ. ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದೆ. ಒಂದು ರಾತ್ರಿ ತಂದೆ ಬೇಸರದಿಂದ, "ಅಮ್ಮ, ಅಳಿಸೋ ಕಥೆ ಯಾಕೆ ಹೇಳ್ತೀಯ? ಬೇರೆ ಯಾವುದಾದರೂ ಹೇಳಬಾರದೆ?" ಎಂದರು. ಅಜ್ಜಿ ನಿಧಾನವಾಗಿ ಉತ್ತರಿಸಿದರು: "ಅವನು ಅಳೋದು ಕಥೆಗಲ್ಲ ಕಣಪ್ಪ. ಕೊನೇಲಿ ಅವಳು ಎದ್ದು ನಿಲ್ತಾಳಲ್ಲ, ಅದನ್ನ ಕೇಳೋಕೆ ಕೂತವ್ನೆ. ಕೊಂಬೆ ಮುರೀದೆ ಜೋಡಿಸೋದು ಹೆಂಗೆ?"

ನಮ್ಮ ತಾಯಿ ಗುಣವಾಗಿ ಮನೆಗೆ ಬಂದರು. ಬರದೆ ಇದ್ದಿದ್ದರೂ ಅಜ್ಜಿಯ ಮಾತು ನಿಜವಾಗಿಯೇ ಇರುತ್ತಿತ್ತೆಂದು ಈಗ ನನಗೆ ತೋರುತ್ತದೆ. ಕಥೆ ನನ್ನ ತಾಯಿಯನ್ನು ಉಳಿಸಲಿಲ್ಲ. ಆ ತಿಂಗಳಲ್ಲಿ ನನ್ನನ್ನು ಉಳಿಸಿತು. ಹೇಳಲು ನನಗೆ ಬಾರದಿದ್ದ ಭಯವನ್ನು ಅದು ನನ್ನ ಪರವಾಗಿ ಹೇಳಿತು. ಹೇಳಿ, ಅದರಾಚೆಗೆ ಒಂದು ದಾರಿಯುಂಟೆಂದು ತೋರಿಸಿತು.

ಇಂಥ ಕಥೆಗಳನ್ನು ವಿದ್ವಾಂಸರೂ ಗೌರವದಿಂದ ಕಂಡಿದ್ದಾರೆ. ಮೈಸೂರಿನಲ್ಲಿ ಜನಿಸಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಕವಿ ಎ. ಕೆ. ರಾಮಾನುಜನ್ (೧೯೨೯–೧೯೯೩) ಅವರು ಹೂವಿನ ಮರದ ಕಥೆಯ ಪಾಠಾಂತರಗಳನ್ನು ಕರ್ನಾಟಕದಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ಅನುವಾದಿಸಿದರು. ಅವರ ಕಥಾಸಂಕಲನ ಅವರ ಮರಣಾನಂತರ ೧೯೯೭ರಲ್ಲಿ ಇದೇ ಕಥೆಯ ಹೆಸರಿನಲ್ಲಿ ಪ್ರಕಟವಾಯಿತು. ಗಿರೀಶ ಕಾರ್ನಾಡರು ೧೯೯೨ರಲ್ಲಿ ಇದನ್ನು ಆಧರಿಸಿ 'ಚೆಲುವಿ' ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ೨೦೦೬ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಅವರು ರಚಿಸಿದ ಸಂಗೀತನಾಟಕವಾಗಿ ಇದು ವಿಯೆನ್ನಾ ನಗರದ ರಂಗಕ್ಕೇರಿತು. ದೀಪ ಹೋದ ಅಂಗಳಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಕಥೆ ಲೋಕವನ್ನು ಸುತ್ತಿ ಬಂದ ಬಗೆ ಇದು.

ಈಗ ಕಥೆಯಿಂದ ಕಾದಂಬರಿಗೆ ಬರೋಣ. ಅಜ್ಜಿಯ ಕಥೆ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಕಾದಂಬರಿ ಹಾಗಲ್ಲ. ಅದನ್ನು ಓದುವವನು ಒಂಟಿಯಾಗಿ, ಹಲವು ದಿನಗಳ ಕಾಲ, ಕಥಾನಾಯಕನ ಜೊತೆಯಲ್ಲಿ ಕತ್ತಲೆಯಲ್ಲಿ ನಡೆಯಬೇಕು. ಗ್ರಂಥಾಲಯದ ಹುಡುಗಿಯ ಕೈಯಲ್ಲಿದ್ದ ಪುಸ್ತಕ ಇದಕ್ಕೆ ಒಳ್ಳೆಯ ನಿದರ್ಶನ.

'ಪಿನೋಕಿಯೊ'ವನ್ನು ಬರೆದವನು ಇಟಲಿಯ ಕಾರ್ಲೊ ಕೊಲ್ಲೋಡಿ (೧೮೨೬–೧೮೯೦). ಅದು ೧೮೮೧ರಲ್ಲಿ ರೋಮ್ ನಗರದ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಆರಂಭವಾಯಿತು. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ ಚನ್ನಪಟ್ಟಣದಲ್ಲಿ ಬಣ್ಣದ ಅರಗಿನ ಹೊಳಪುಳ್ಳ ಮರದ ಗೊಂಬೆಗಳನ್ನು ನೀವು ಕಂಡಿರಬಹುದು. ಅವು ಮುದ್ದಾಗಿ ಸುಮ್ಮನೆ ನಿಂತಿರುತ್ತವೆ. ಆದರೆ ಜೆಪೆಟ್ಟೊ ಎಂಬ ಬಡ ಮುದುಕ ಕೆತ್ತಿದ ಗೊಂಬೆ ಕಾಲು ಮೂಡಿದೊಡನೆ ಬೀದಿಗೆ ಓಡುತ್ತದೆ. ಚಳಿಗಾಲದಲ್ಲಿ ತನ್ನ ಕೋಟನ್ನೇ ಮಾರಿ ಮುದುಕ ಅಕ್ಷರದ ಪುಸ್ತಕವನ್ನು ತಂದುಕೊಟ್ಟರೆ, ಗೊಂಬೆ ಆ ಪುಸ್ತಕವನ್ನು ಮಾರಿ ಗೊಂಬೆಯಾಟವನ್ನು ನೋಡುತ್ತದೆ. ಬುದ್ಧಿ ಹೇಳಿದ ಮಾತಿನ ಮಿಡತೆಯನ್ನು ಸುತ್ತಿಗೆ ಎಸೆದು ಕೊಲ್ಲುತ್ತದೆ. ನರಿ ಬೆಕ್ಕುಗಳ ಮೋಸದ ಮಾತನ್ನು ನಂಬಿ, ಕಡೆಗೆ ಅವರ ಕೈಯಿಂದಲೇ ಓಕ್ ಮರಕ್ಕೆ ನೇಣು ಬೀಳುತ್ತದೆ.

ಕೊಲ್ಲೋಡಿ ಮೊದಲು ಕಥೆಯನ್ನು ಮುಗಿಸಿದುದು ಅಲ್ಲಿಗೇ. ಹದಿನೈದನೆಯ ಅಧ್ಯಾಯದ ಕೊನೆಯಲ್ಲಿ ಗೊಂಬೆ ಮರದಲ್ಲಿ ನೇತಾಡುತ್ತಿರುವಂತೆಯೇ ಧಾರಾವಾಹಿ ನಿಂತುಹೋಯಿತು. ಮಕ್ಕಳು ಸುಮ್ಮನಿರಲಿಲ್ಲ. ಆಮೇಲೆ ಏನಾಯಿತೆಂದು ತಿಳಿಯಬೇಕೆಂಬ ಬೇಡಿಕೆ ಪತ್ರಿಕೆಯ ಕಚೇರಿಯನ್ನು ಮುಟ್ಟಿತು. ೧೮೮೨ರ ಫೆಬ್ರವರಿಯಲ್ಲಿ ಕಥೆ ಮತ್ತೆ ಆರಂಭವಾಯಿತು. ೧೮೮೩ರಲ್ಲಿ ಪೂರ್ಣಗೊಂಡು ಪುಸ್ತಕವಾಯಿತು. ನೀಲಿಗೂದಲ ಹುಡುಗಿಯೊಬ್ಬಳು ಗೊಂಬೆಯನ್ನು ಮರದಿಂದ ಇಳಿಸಿ ಬದುಕಿಸಿದಳು. ಮಕ್ಕಳು ಕತ್ತಲೆಯನ್ನು ತೆಗೆದುಹಾಕಿರೆಂದು ಕೇಳಲಿಲ್ಲ ಎಂಬುದನ್ನು ಗಮನಿಸಿರಿ. ಕತ್ತಲೆಯಲ್ಲಿಯೇ ನಿಲ್ಲಿಸಬೇಡಿ ಎಂದು ಕೇಳಿದರು. ಹಂಪಿನಗರದ ಹುಡುಗಿ ತನ್ನ ತಂದೆಗೆ ಹೇಳಿದುದೂ ಅದನ್ನೇ ಅಲ್ಲವೆ?

ಮುಂದೆಯೂ ಗೊಂಬೆಯ ದಾರಿ ಸುಗಮವಾಗಲಿಲ್ಲ. ಓದುಬರಹವಿಲ್ಲದೆ ಸದಾ ಆಟವಾಡಬಹುದಾದ ನಾಡಿಗೆ ಗೆಳೆಯನೊಡನೆ ಓಡಿಹೋಗಿ, ಐದು ತಿಂಗಳ ಮೋಜಿನ ನಂತರ ಇಬ್ಬರೂ ಕತ್ತೆಗಳಾಗುತ್ತಾರೆ. ಕಟ್ಟಕಡೆಗೆ ಗೊಂಬೆಯನ್ನು ಸಮುದ್ರದ ಭಾರಿ ಮೀನೊಂದು ನುಂಗುತ್ತದೆ. ಆ ಹೊಟ್ಟೆಯ ಗಾಢಾಂಧಕಾರದಲ್ಲಿ ದೂರದಲ್ಲೊಂದು ಮಿಣುಕು ಕಾಣುತ್ತದೆ. ಮಗನನ್ನು ಹುಡುಕಿ ಸಮುದ್ರಕ್ಕಿಳಿದು ಅದೇ ಮೀನಿಗೆ ತುತ್ತಾದ ಜೆಪೆಟ್ಟೊ, ತನ್ನಲ್ಲಿ ಉಳಿದ ಕಡೆಯ ಮೇಣದ ಬತ್ತಿಯನ್ನು ಹಚ್ಚಿಟ್ಟುಕೊಂಡು ಕುಳಿತಿರುತ್ತಾನೆ. ಇದುವರೆಗೆ ತಂದೆಯ ಹೆಗಲಿಗೆ ಭಾರವಾಗಿದ್ದ ಗೊಂಬೆ, ಆ ಬತ್ತಿಯನ್ನು ಕೈಗೆ ತೆಗೆದುಕೊಂಡು ದಾರಿ ತೋರುತ್ತದೆ. ತಂದೆಯನ್ನು ಬೆನ್ನ ಮೇಲೆ ಹೊತ್ತು ಈಜುತ್ತದೆ. ಆಮೇಲೆ ಕಾಯಿಲೆಯ ತಂದೆಗೆ ಒಂದು ಲೋಟ ಹಾಲನ್ನು ಸಂಪಾದಿಸಲು ನೂರು ಬಕೆಟ್ಟು ನೀರನ್ನು ಸೇದುತ್ತದೆ. ಮರದ ಗೊಂಬೆ ನಿಜವಾದ ಹುಡುಗನಾಗುವುದು ಇಷ್ಟೆಲ್ಲ ಆದ ಬಳಿಕ. ೧೯೪೦ರ ಡಿಸ್ನಿ ಚಲನಚಿತ್ರದಲ್ಲಿ ಈ ಕತ್ತಲೆಯ ಬಹುಭಾಗವನ್ನು ತಿಳಿಗೊಳಿಸಲಾಗಿದೆ. ಚಿತ್ರ ಸುಂದರವಾಗಿದೆ, ನಿಜ. ಆದರೆ ಆ ನೂರು ಬಕೆಟ್ಟುಗಳ ಭಾರ ತಿಳಿಯಬೇಕಾದರೆ ಪುಸ್ತಕವನ್ನೇ ಓದಬೇಕು.

ಹಿರಿಯರು ಮಕ್ಕಳ ಕಥೆಗಳನ್ನು ಹೀಗೆ ತಿದ್ದುವುದು ಹೊಸತೇನೂ ಅಲ್ಲ. ಜರ್ಮನಿಯ ಗ್ರಿಮ್ ಸಹೋದರರು ತಮ್ಮ ಕಥಾಸಂಗ್ರಹದ ಮೊದಲ ಭಾಗವನ್ನು ೧೮೧೨ರಲ್ಲಿ ಪ್ರಕಟಿಸಿದಾಗ, ಹಸಿವಿನ ಕಾಲದಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರಲು ಹೇಳಿದವಳು ಅವರ ಹೆತ್ತ ತಾಯಿಯೇ ಆಗಿದ್ದಳು. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಹೆತ್ತವಳ ಹೆಸರಿಗೆ ಕಳಂಕ ಬಾರದಿರಲೆಂಬ ಸಂಕೋಚ ಅವರಿಗಿತ್ತು. ಆದರೂ ಕಾಡು ಹಾಗೆಯೇ ಉಳಿಯಿತು. ಹಸಿವು ಹಾಗೆಯೇ ಉಳಿಯಿತು. ಅವನ್ನೂ ತೆಗೆದಿದ್ದರೆ ಆ ಮಕ್ಕಳ ಜಾಣ್ಮೆಗೆ ಕೆಲಸವೇ ಇರುತ್ತಿರಲಿಲ್ಲ.

ಹಾಗಾದರೆ ಭಯವಿರುವ ಕಥೆಗಳೆಲ್ಲವೂ ಒಳ್ಳೆಯವೆ? ಖಂಡಿತವಾಗಿಯೂ ಅಲ್ಲ. ಬೆಚ್ಚಿಬೀಳಿಸುವುದನ್ನೇ ವ್ಯಾಪಾರ ಮಾಡಿಕೊಂಡ ಬರಹಗಳೂ ಉಂಟು. ಎರಡನ್ನೂ ಬೇರ್ಪಡಿಸಲು ಒಂದು ಒರೆಗಲ್ಲು ಇದೆ: ಒಳ್ಳೆಯ ಕತ್ತಲೆಯ ಕಥೆಯಲ್ಲಿ ಒಂದು ಕಟ್ಟಳೆ ಇರುತ್ತದೆ. ಕೂಲಿಯ ಮಾತು ಕೊಟ್ಟರೆ ನಡೆಸಬೇಕು. ಹೂ ಬಿಡಿಸುವಾಗ ಕೊಂಬೆ ಮುರಿಯಬಾರದು. ಪ್ರೀತಿಯಿಂದ ತಂದ ಪುಸ್ತಕವನ್ನು ಮಾರಬಾರದು. ಕಟ್ಟಳೆ ಮುರಿದಾಗ ಕೇಡು ಬರುತ್ತದೆ. ಕೇಡಿಗೆ ಕಾರಣವಿರುವುದರಿಂದಲೇ ಪರಿಹಾರವೂ ಇರಬಲ್ಲದು. ತಪ್ಪು ಮಾಡಿದವರು ಒಬ್ಬರು, ನೋವು ತಿಂದವರು ಇನ್ನೊಬ್ಬರು ಆಗುವುದೂ ಉಂಟು. ಗೌಡನ ಜಿಪುಣತನಕ್ಕೆ ಮಕ್ಕಳು ಹೋದರು. ನಾದಿನಿಯ ಚೆಲ್ಲಾಟಕ್ಕೆ ಹೂವಿನ ಹುಡುಗಿ ಮುರಿದಳು. ಲೋಕದ ಈ ಅನ್ಯಾಯವನ್ನು ಕಥೆ ಮುಚ್ಚಿಡುವುದಿಲ್ಲ. ಆದರೆ ಅದನ್ನು ಅನ್ಯಾಯವೆಂದೇ ತೋರಿಸುತ್ತದೆ. ಕಟ್ಟಳೆಯೂ ಇಲ್ಲದ, ಕರುಣೆಯೂ ಇಲ್ಲದ ಬರಿಯ ಭೀಕರತೆ ಓದುಗನನ್ನು ಬೆದರಿಸಿ ಅಲ್ಲಿಯೇ ಬಿಟ್ಟುಹೋಗುತ್ತದೆ.

ಇಂಥ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ಕೆಲವು ಸಂಗತಿಗಳನ್ನು ನೆನಪಿನಲ್ಲಿಡಿರಿ. ಕಥೆಯ ಆರಂಭದಲ್ಲಿ ಬರುವ ಮಾತು, ನಿಷೇಧ, ಒಪ್ಪಂದಗಳನ್ನು ಗುರುತಿಸಿಕೊಳ್ಳಿರಿ. ಮುಂದಿನ ಕೇಡಿನ ಬೀಜ ಅಲ್ಲಿಯೇ ಇರುತ್ತದೆ. ನಾಯಕನಿಗೆ ನೆರವಾಗುವವರು ಯಾರು, ಅವರಿಗೆ ಅವನು ಹಿಂದೆ ಏನು ಮಾಡಿದ್ದ ಎಂಬುದನ್ನು ಗಮನಿಸಿರಿ. ಯಾವ ಪ್ರಸಂಗ ನಿಮ್ಮನ್ನು ಹೆಚ್ಚು ಹೆದರಿಸಿತೋ ಅದನ್ನು ಬಿಡಿಸಿ ನೋಡಿರಿ. ನಿಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಯಾವುದೋ ಕಳವಳವನ್ನು ಅದು ಮುಟ್ಟಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ನಿಲ್ಲಿಸಿ ಅದೇ ಕಥೆಯ ಕೊನೆಯೆಂದು ತಿಳಿಯಬೇಡಿರಿ. ಭಯ ತಾಳಲಾರದಷ್ಟಾದರೆ ಪುಸ್ತಕವನ್ನು ಮುಚ್ಚಿಡುವುದರಲ್ಲಿ ಅವಮಾನವೇನೂ ಇಲ್ಲ. ಹಿರಿಯರೊಬ್ಬರ ಜೊತೆ ಕುಳಿತು ಮುಂದಕ್ಕೆ ಓದಬಹುದು. ಒಂದು ವರ್ಷ ಕಳೆದ ಮೇಲೂ ಓದಬಹುದು. ಪುಸ್ತಕ ಕಾಯುತ್ತದೆ.

ಆ ಸಂಜೆಯ ಬಳಿಕ ಎರಡು ವಾರ ಕಳೆದಿರಬಹುದು. ಅದೇ ಗ್ರಂಥಾಲಯದಲ್ಲಿ ಆ ತಂದೆ ಮಗಳನ್ನು ಮತ್ತೆ ಕಂಡೆ. ಮಗಳು ಕಪಾಟಿನ ಮುಂದೆ ನಿಂತು ಬೇರೊಂದು ಪುಸ್ತಕವನ್ನು ಹುಡುಕುತ್ತಿದ್ದಳು. ತಂದೆ ಮೇಜಿನ ಬಳಿ ಕುಳಿತಿದ್ದರು. ಅವರ ಮುಂದೆ ತೆರೆದಿದ್ದುದು 'ಪಿನೋಕಿಯೊ'. ನನ್ನನ್ನು ಕಂಡು ಸ್ವಲ್ಪ ನಾಚಿಕೆಯಿಂದ ನಕ್ಕು, "ಮೀನಿನ ಹೊಟ್ಟೆಯವರೆಗೆ ಬಂದಿದ್ದೇನೆ ಸಾರ್" ಎಂದರು. "ಮಗಳು ಮುಂದಿನದನ್ನು ಹೇಳುವುದಿಲ್ಲವಂತೆ; ನಾನೇ ಓದಬೇಕಂತೆ."

ನಾನು ಅವರ ಓದಿಗೆ ಅಡ್ಡಿಪಡಿಸದೆ ನನ್ನ ಜಾಗಕ್ಕೆ ಹೋಗಿ ಕುಳಿತೆ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಗ್ರಂಥಾಲಯದಲ್ಲಿ ತಂದೆಯ ಆತಂಕಕ್ಕೆ ಕ���ರಣವೇನು?
೨. ಹ್ಯಾಮೆಲಿನ್ ಪಟ್ಟಣದ ಹಳೆಯ ಬರಹಕ್ಕೂ ಇಂದಿನ ಕಥೆಗೂ ಇರುವ ವ್ಯತ್ಯಾಸವೇನು?
೩. ಕೊಲ್ಲೋಡಿ ತನ್ನ ಕಥೆಯನ್ನು ಮೊದಲು ಎಲ್ಲಿಗೆ ಮುಗಿಸಿದನು? ಮತ್ತೆ ಮುಂದುವರಿಸಿದುದು ಏಕೆ?

ಆ. ಸಂದರ್ಭದೊಡನೆ ವಿವರಿಸಿರಿ.
೧. "ಕೊಂಬೆ ಮುರೀದೆ ಜೋಡಿಸೋದು ಹೆಂಗೆ?"
೨. "ಮೊದಲು ಬಂದುದು ಕತ್ತಲೆ, ಆಮೇಲೆ ಬಂದುದು ಕಥೆ."

ಇ. ಎಂಟು ಹತ್ತು ವಾಕ್ಯಗಳಲ್ಲಿ ಬರೆಯಿರಿ.
೧. ಒಳ್ಳೆಯ ಕತ್ತಲೆಯ ಕಥೆಯನ್ನು ಬರಿಯ ಭೀಕರ ಕಥೆಯಿಂದ ಬೇರ್ಪಡಿಸುವುದು ಹೇಗೆ? ಪಾಠದ ನಿದರ್ಶನಗಳೊಡನೆ ವಿವರಿಸಿರಿ.
೨. ನಿಮ್ಮ ಮನೆಯ ಹಿರಿಯರಿಂದ ಭಯಾನಕವಾದ ಒಂದು ಕಥೆಯನ್ನು ಕೇಳಿ ಬರೆದುಕೊಳ್ಳಿರಿ. ಅದರಲ್ಲಿರುವ ಕಟ್ಟಳೆ ಯಾವುದು, ಅದನ್ನು ಮುರಿದವರು ಯಾರು, ನೋವನ್ನು ಅನುಭವಿಸಿದವರು ಯಾರು ಎಂಬುದನ್ನು ಗುರುತಿಸಿರಿ.